ಕಳ್ಳಿಮನೆಯ ಮಳೆಗಾಲ

ಕಳ್ಳಿಗೆ ಬಾಯಾರಿದರೂ ಮೈ ಸುಕ್ಕುಗಟ್ಟುತ್ತದೆ, ಬೇರು ಕೊಳೆತರೂ ಮೈ ಸುಕ್ಕುಗಟ್ಟುತ್ತದೆ. ನೋಡುವವನ ಕಣ್ಣಿಗೆ ಎರಡೂ ಒಂದೇ. ಬಾಯಾರಿದೆ ಎಂದುಕೊಂಡು ಕೊಳೆತ ಬೇರಿಗೆ ಇನ್ನೊಂದು ಚೊಂಬು ನೀರು ಸುರಿದರೆ ಗಿಡದ ಕಥೆ ಮುಗಿಯಿತು. ಇಷ್ಟನ್ನು ದಾವಣಗೆರೆಯ ಒಂದು ಬಂಗಲೆಯವರಿಗೆ ತಿಳಿಸಿ ಹೇಳಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಹೇಳಿದ್ದರಿಂದ ಯಾರಿಗೆ ಏನು ಉಪಕಾರವಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಊರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ಖಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಕಮಿಟಿಯವರು ಮನಸ್ಸು ಮಾಡಿದರೆ ಮುಂದಿನ ವರ್ಷದ ಅನ್ನ. ಆ ಕಮಿಟಿಯಲ್ಲಿ ಹತ್ತಿ ಮಿಲ್ಲಿನ ಸಾಹುಕಾರರೊಬ್ಬರಿದ್ದರು. ಬೇಸಿಗೆ ರಜೆಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು, ಸಾಹುಕಾರರ ಮನೆಯ ಗಿಡಗಳಿಗೆ ಏನೋ ರೋಗವಂತೆ, ಹೋಗಿ ನೋಡಿ ಬನ್ನಿ ಎಂದರು. ನೋಡಿ ಬನ್ನಿ ಎಂದರೆ ವಾಸಿ ಮಾಡಿ ಬನ್ನಿ ಎಂದು ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ನನಗಿತ್ತು.

ಬಂಗಲೆ ಆನೆಕೊಂಡದ ಕಡೆಗಿತ್ತು. ಹಿತ್ತಲಿಗೆಲ್ಲ ಹೊಸದಾಗಿ ಶಹಾಬಾದ್ ಕಲ್ಲು ಹಾಸಿಸಿ, ನಡುವೆ ಗಾಜಿನ ಚಾವಣಿಯ ಒಂದು ಚಪ್ಪರ ಕಟ್ಟಿಸಿದ್ದರು. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಟ್ಟೆ, ಅದರ ಮೇಲೆ ಕುಂಡಗಳ ಸಾಲು. ನಮ್ಮ ಪುಸ್ತಕಗಳಲ್ಲಿ ಇವಕ್ಕೆ ರಸಭರಿತ ಸಸ್ಯಗಳೆನ್ನುತ್ತಾರೆ. ದಪ್ಪ ಎಲೆಯವು, ಕಂಬದಂಥವು, ಚೆಂಡಿನಂಥವು, ಮುಳ್ಳಿದ್ದವು, ಇಲ್ಲದವು, ಬೇರೆ ಬೇರೆ ಕುಲದವು. ದಾವಣಗೆರೆಯಲ್ಲಿ ಮಾತ್ರ ಎಲ್ಲವೂ ಕಳ್ಳಿಯೇ, ಹಾಗಾಗಿ ಚಪ್ಪರವೂ ಕಳ್ಳಿಮನೆ.

"ಬರ್ರಿ ಮೇಷ್ಟ್ರೆ," ಎಂದರು ಸಾಹುಕಾರರು. "ಮುಂಬಯಿ, ಪುಣೆ ತಿರುಗಿ ತಂದಿದ್ದು ಇವು. ದಸರಾ ಕಳೆದ ಮ್ಯಾಲೆ ಹರಿಹರದಾಗೆ ನಮ್ಮ ಹೊಸ ಗೆಸ್ಟ್‌ಹೌಸು ಓಪನಿಂಗ್ ಐತೆ. ಪರದೇಶದಿಂದ ಯಂತ್ರದ ಕಂಪನಿ ಸಾಹೇಬ್ರು ಬರ್ತಾರೆ. ಅಷ್ಟೊತ್ತಿಗೆ ಇವನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ನೆಟ್ಟಗಿರಬೇಕು. ಕೆಟ್ಟುವು ಅಂದ್ರೆ ಈ ಮಾಲಿ ಖೋಲಿ ಖಾಲಿ ಮಾಡ್ಬೇಕು. ಅವನಿಗೂ ಹೇಳೀನಿ."

ಮಾಲಿ ಪಕ್ಕದಲ್ಲೇ ನಿಂತಿದ್ದ. ಐವತ್ತೈದು ದಾಟಿದ, ಯಾವುದಕ್ಕೂ ಮುಖ ಸಿಂಡರಿಸುವ ಮನುಷ್ಯ. ಸಾಹುಕಾರರ ತಂದೆಯ ಕಾಲದಲ್ಲಿ ಬಂದು ಸೇರಿದವನು. ಬಂಗಲೆಯ ಹಿಂದಿನ ಒಂದು ಖೋಲಿಯಲ್ಲಿ ಅವನೂ, ಕಾಲು ಸ್ವಾಧೀನವಿಲ್ಲದ ಹೆಂಡತಿಯೂ ಇದ್ದರು. ಅದನ್ನು ಬಿಟ್ಟರೆ ಅವರಿಗೆ ತಮ್ಮದೆನ್ನುವ ಸೂರು ಇರಲಿಲ್ಲ. ಗಿಡಗಳ ರೋಗಕ್ಕೆ ಒಂದು ಬಡ ಸಂಸಾರವನ್ನು ಒತ್ತೆ ಇಟ್ಟಿದ್ದಾರಲ್ಲ ಎಂದು ನನಗೆ ಅಂದೇ ಉರಿಯಿತು. ಆದರೆ ನನ್ನ ಜೂನ್ ಕೂಡ ಅವರ ಕೈಯಲ್ಲಿತ್ತು; ತಲೆಯಾಡಿಸಿ ಕುಂಡಗಳ ಮುಂದೆ ಕೂತೆ.

ಮೊದಲು ಕಂಡದ್ದು ಎಲೆಸಂದಿಗಳಲ್ಲಿದ್ದ ಬಿಳಿ ಹಿಂಜು. ಮಾಲಿಗೆ ತೋರಿಸಿದೆ.

"ಅದು ಮಿಲ್ಲಿನ ಅರಳೆ ರೀ," ಎಂದ. "ಗಾಳಿಗೆ ಹಾರಿ ಬಂದು ಕೂಡ್ತೈತೆ. ನಮ್ಮ ಮೀಸೆ ಮ್ಯಾಲೂ ಕೂಡ್ತೈತೆ."

ಅದೂ ಸುಳ್ಳಲ್ಲ. ಆ ಊರಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ಎಲ್ಲೆಂದರಲ್ಲಿ ಹತ್ತಿಯ ನವಿರು ಕೂತಿರುತ್ತಿತ್ತು. ನಾನು ಬಾಯಿಂದ ಊದಿದೆ. ಕೆಲವು ಹಾರಿ ಹೋದವು, ಕೆಲವು ಅಲುಗಲಿಲ್ಲ. ಅಲುಗದ್ದನ್ನು ಉಗುರಿನಿಂದ ಒತ್ತಿದರೆ ಕೆಂಪಗೆ ರಸ ಬಂತು. ಅರಳೆಗೆ ರಕ್ತವಿರುವುದಿಲ್ಲ. ಅದು ಹಿಟ್ಟುತಿಗಣೆ, ಮೈಮೇಲೆ ಬಿಳಿ ಹಿಟ್ಟು ಹೊದ್ದು ಗಿಡದ ರಸ ಹೀರುವ ಹುಳ. ಬೇರೆ ಊರಿನಲ್ಲಾದರೆ ಮೊದಲ ವಾರವೇ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಊರಿನ ಹತ್ತಿಯಲ್ಲಿ ಹತ್ತಿಯಾಗಿ ತಿಂಗಳುಗಟ್ಟಲೆ ಸುಖವಾಗಿತ್ತು. ಕಡ್ಡಿಗೆ ಅರಳೆಯನ್ನೇ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಒಂದೊಂದು ಸಂದಿಯನ್ನೂ ಒರೆಸಿದೆವು. ಹೊಗೆಸೊಪ್ಪು ಕುದಿಸಿದ ನೀರಿಗೆ ಸಾಬೂನು ಕದಡಿ ಸಿಂಪಡಿಸಿದೆವು.

ಎರಡನೆಯ ತೊಂದರೆ ಮಣ್ಣಿನಲ್ಲಿತ್ತು. ಒಂದು ಕುಂಡ ಬೋರಲು ಹಾಕಿ ತಟ್ಟಿದೆ. ಕಪ್ಪು ಮುದ್ದೆ ಅಂಟಂಟಾಗಿ ಹೊರಬಂತು. ಅಪ್ಪಟ ಎರೆಮಣ್ಣು, ಅದರ ಜೊತೆಗೆ ಕುರಿಗೊಬ್ಬರ. ಮಾಲಿ ಅದನ್ನು ತನ್ನ ಅಣ್ಣನ ಹೊಲದಿಂದ ತಲೆಯ ಮೇಲೆ ಹೊತ್ತು ತಂದಿದ್ದನಂತೆ.

"ಬಂಗಾರದಂಥ ಮಣ್ಣು ರೀ ಇದು. ಹತ್ತಿ ಆಳೆತ್ತರ ಬೆಳೀತೈತೆ," ಎಂದ.

ಹತ್ತಿ ಬೆಳೆಯುತ್ತದೆ, ಒಪ್ಪಿದೆ. ನೀರನ್ನು ಹಿಡಿದಿಟ್ಟುಕೊಳ್ಳುವುದೇ ಎರೆಯ ಗುಣ, ಅದಕ್ಕೇ ರೈತ ಅದನ್ನು ಹೊಗಳುತ್ತಾನೆ. ಆದರೆ ಈ ಗಿಡ ನೀರನ್ನು ತನ್ನ ಮೈಯಲ್ಲೇ ಇಟ್ಟುಕೊಂಡಿರುತ್ತದೆ. ಬೇರಿಗೆ ಬೇಕಾದ್ದು ಗಾಳಿ. ಒಳ್ಳೆಯ ಮಣ್ಣಿನಲ್ಲಿ ಗಿಡ ಸಾಯುತ್ತದೆ ಎಂದು ಒಕ್ಕಲು ಮನೆತನದವನಿಗೆ ಹೇಳುವುದು, ಹಾಲು ಕುಡಿದ ಮಗು ಸಾಯುತ್ತದೆ ಎಂದು ತಾಯಿಗೆ ಹೇಳಿದ ಹಾಗೆ. ಅವನು ನನ್ನನ್ನು ನೋಡಿದ ನೋಟದಲ್ಲಿ, ಈ ಮೇಷ್ಟ್ರಿಗೆ ಸಂಬಳ ಕೊಡುವವರು ಯಾರು ಎನ್ನುವ ಪ್ರಶ್ನೆ ಸ್ಪಷ್ಟವಾಗಿತ್ತು.

ಮರಳಿಗಾಗಿ ಇಬ್ಬರೂ ರೈಲು ಹತ್ತಿ ಹರಿಹರಕ್ಕೆ ಹೋದೆವು. ಬೇಸಿಗೆಯ ಕೊನೆ, ತುಂಗಭದ್ರೆ ಸಣ್ಣಗೆ ಹರಿಯುತ್ತಿತ್ತು. ನುಣ್ಣನೆಯ ಮರಳು ಬೇಡ, ಜೋಳದ ಕಾಳಿನಷ್ಟು ದಪ್ಪದ್ದು ಬೇಕು ಎಂದು ಜರಡಿ ಹಿಡಿಸಿದೆ. ಮಾಲಿ ದಿನವಿಡೀ ಗೊಣಗಿದ. ಆದರೆ ಜರಡಿ ಬಿಡಲಿಲ್ಲ, ಸಂಜೆ ನಾನು ಸಾಕು ಎಂದರೂ ಇನ್ನೊಂದು ಚೀಲ ತುಂಬಿದ. ಅವನಿಗೆ ನನ್ನ ಮೇಲೆ ನಂಬಿಕೆ ಬಂದಿರಲಿಲ್ಲ. ಖೋಲಿ ಹೋಗುವ ಭಯ ಅವನ ಕೈಯಲ್ಲಿ ಕೆಲಸ ಮಾಡುತ್ತಿತ್ತು.

ಗಿಡಗಳನ್ನು ಕಿತ್ತು ಬೇರು ತೊಳೆದೆವು. ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವಂತ. ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಸತ್ತಿದೆ. ಸತ್ತದ್ದನ್ನೆಲ್ಲ ಕತ್ತರಿಸಿ, ಗಾಯಕ್ಕೆ ಗಂಧಕದ ಪುಡಿ ಮೆತ್ತಿ, ಒಣಗಿಸಿ, ಮರಳು, ಇಟ್ಟಿಗೆ ಚೂರು, ಇದ್ದಿಲು, ಒಂದು ಹಿಡಿ ಕೆಮ್ಮಣ್ಣು ಬೆರೆಸಿದ ಹೊಸ ಕುಂಡಗಳಲ್ಲಿ ನೆಟ್ಟೆವು. ಚಾವಣಿ ಇರುವುದರಿಂದ ಮಳೆ ಬೀಳುವುದಿಲ್ಲ. ನಾನು ಹೇಳುವವರೆಗೆ ತೊಟ್ಟು ನೀರೂ ಹಾಕಬೇಡ ಎಂದು ಮಾಲಿಗೆ ಕಟ್ಟುನಿಟ್ಟು ಮಾಡಿದೆ.

ಆಷಾಢ ಮುಗಿಯುವ ಹೊತ್ತಿಗೆ ಗುಣ ಕಂಡಿತು. ಮೆತ್ತಗಾಗಿದ್ದ ಎಲೆಗಳು ಬಿಗಿದವು, ಕೆಲವು ಸುಳಿಯಲ್ಲಿ ಹೊಸ ಚಿಗುರು. ಸಾಹುಕಾರರು ವ್ಯಾಪಾರದ ಮೇಲೆ ಮುಂಬಯಿಗೆ ಹೋಗಿದ್ದರು. ಮಾಲಿ ನನಗೆ ಮೊದಲ ಸಲ ಚಹಾ ತರಿಸಿ ಕೊಟ್ಟ.

ಶ್ರಾವಣ ಬಂತು, ಎಲ್ಲ ಕೆಟ್ಟಿತು. ಕೆಳಗಿನ ಎಲೆಗಳು ಹಳದಿಯಾಗಿ, ಆಮೇಲೆ ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾದವು. ಮುಟ್ಟಿದರೆ ನೀರು ತುಂಬಿದ ಚೀಲದಂತೆ ಕಳಚಿ ಬಿದ್ದವು. ಕಾಂಡದ ಬುಡ ಕಂದುಬಣ್ಣಕ್ಕೆ ತಿರುಗಿತು. ಒಣ ಬಿದಿರುಕಡ್ಡಿಯನ್ನು ಕುಂಡಕ್ಕೆ ಚುಚ್ಚಿ ತೆಗೆದೆ, ಒದ್ದೆ. ಮೂಸಿದೆ, ಹುಳಿ ವಾಸನೆ. ಕುಂಡಗಳ ಸುತ್ತ ಇರುವೆಯ ಸಾಲು. ಹಿಟ್ಟುತಿಗಣೆ ಇದ್ದಲ್ಲಿ ಇರುವೆ ಬರುವುದು ರೂಢಿ, ಅದಕ್ಕೆ ನಾನು ಮತ್ತೆ ಹುಳ ಹುಡುಕುತ್ತ ಕೂತೆ. ಹುಳ ಸಿಗಲಿಲ್ಲ. ಏಣಿ ಹಾಕಿ ಚಾವಣಿ ಹತ್ತಿ ಗಾಜಿನ ಸಂದುಗಳನ್ನೆಲ್ಲ ಪರೀಕ್ಷಿಸಿದೆ. ಎಲ್ಲೂ ಸೋರುತ್ತಿರಲಿಲ್ಲ. ಉಳಿದದ್ದು ಮಾಲಿ.

"ನೀರು ಹಾಕಿದ್ದೀಯಾ?"

"ಇಲ್ಲ ರೀ."

"ಮತ್ತೆ ಇದು ಏನು? ಆಕಾಶದಿಂದ ಇಳಿಯಿತಾ?"

"ನಾ ಹಾಕಿಲ್ಲ ಮೇಷ್ಟ್ರೆ. ಆಣೆ ಮಾಡ್ತೀನಿ."

"ಗಿಡ ಸತ್ತರೆ ಮನೆ ಬಿಡುವವನು ನೀನು, ನಾನಲ್ಲ. ನನ್ನ ಹತ್ತಿರ ಯಾಕೆ ಸುಳ್ಳು?"

ಅವನು ತಲೆ ತಗ್ಗಿಸಿ ಕತ್ತರಿ ಒರೆಸುತ್ತ ನಿಂತ. ನಾನು ಕೋಪದಿಂದ ಸೈಕಲ್ ಹತ್ತಿ ಹೊರಟುಬಿಟ್ಟೆ.

ಮುಂದಿನ ಸೋಮವಾರ ಕಾಲೇಜಿಗೆ ಹೋಗುವ ಮುಂಚೆ ಒಂದೆರಡು ಬೇರು ಕಿತ್ತು ನೋಡೋಣವೆಂದು ಬೆಳಕು ಹರಿಯುವಾಗಲೇ ಬಂದೆ. ಕಳ್ಳಿಮನೆಯೊಳಗೆ ಸಾಹುಕಾರರ ತಾಯಿ ನಿಂತಿದ್ದರು. ಮಿಂದು ಮಡಿಯುಟ್ಟು, ಹಣೆ ತುಂಬ ವಿಭೂತಿ. ಕೈಯಲ್ಲಿ ದೊಡ್ಡ ತಾಮ್ರದ ತಪ್ಪಲೆ. ಮನಸ್ಸಿನಲ್ಲಿ ಏನೋ ಹೇಳಿಕೊಳ್ಳುತ್ತ, ಒಂದೊಂದು ಕುಂಡಕ್ಕೂ ಸಮನಾಗಿ ಹುಯ್ಯುತ್ತಿದ್ದರು. ಬೆಳ್ಳನೆಯ ನೀರು. ಲಿಂಗಕ್ಕೆ ಅಭಿಷೇಕ ಮಾಡಿದ್ದು. ಹಾಲು, ಜೇನು, ಬಾಳೆಹಣ್ಣಿನ ಚೂರು ಎಲ್ಲ ಇತ್ತು. ಇರುವೆಗಳು ಹುಳಕ್ಕಾಗಿ ಬಂದಿರಲಿಲ್ಲ, ಪ್ರಸಾದಕ್ಕೆ ಬಂದಿದ್ದವು.

"ಅವ್ವಾರೆ, ದಿನಾ ಹಾಕ್ತೀರಾ?" ಎಂದೆ.

"ಹೂನಪ್ಪಾ. ಶ್ರಾವಣ ಅಲ್ವಾ, ಈಗ ನೀರು ಜಾಸ್ತಿ. ಬಚ್ಚಲಿಗೆ ಹಾಕಾಕೆ ಬರಲ್ಲ, ತುಳಿಯೋ ಜಾಗದಾಗೆ ಚೆಲ್ಲಾಕೆ ಬರಲ್ಲ. ಮೊದ್ಲು ಇಲ್ಲಿ ಬಿಲ್ವದ ಮರ ಇತ್ತು, ಅದರ ಬುಡಕ್ಕೆ ಹಾಕ್ತಿದ್ದೆ. ನನ್ನ ಮಗ ಕಡಿಸಿ ಈ ಚಪ್ಪರ ಕಟ್ಟಿಸಿದ. ಹಿತ್ತಲಿಗೆಲ್ಲ ಕಲ್ಲು ಹಾಸಿಸಿದ. ಮಣ್ಣು ಅಂತ ಉಳಿದಿರೋದು ಈ ಕುಂಡದಾಗೇ. ಕಟ್ಟೆ ಮ್ಯಾಲೆ ಅದಾವೆ, ಯಾರ ಕಾಲೂ ತಾಕಲ್ಲ." ಸ್ವಲ್ಪ ತಡೆದು ಸೇರಿಸಿದರು: "ಮುಳ್ಳಿದ್ರೂ ಜೀವ ಅಲ್ವೇನಪ್ಪಾ. ಮಾಲಿ ನೀರು ಹಾಕದಿದ್ದಾಗ ನೋಡಿ ನನಗೆ ಹೊಟ್ಟೆ ಉರೀತಿತ್ತು."

ನಾನು ಒಂದು ಗಿಡ ಕಿತ್ತು ಬೇರು ತೋರಿಸಿದೆ. ಕೈಗೆ ಲೋಳೆಯಾಗಿ ಬಂತು. ನೀರು ಹೆಚ್ಚಾದರೆ ಹೀಗಾಗುತ್ತದೆ ಎಂದೆ. ಅಭಿಷೇಕ ಎಂಬ ಮಾತನ್ನು ನಾನು ಎತ್ತಲಿಲ್ಲ. ಆಕೆ ಬಹಳ ಹೊತ್ತು ಆ ಬೇರನ್ನೇ ನೋಡಿದರು.

"ನನ್ನ ಕೈಯಾಗೇ ಸತ್ತುವಾ?" ಎಂದರು. ತಪ್ಪಲೆಯನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು.

ಅವರನ್ನು ಕಂಡು ನನಗೆ ಪಾಪ ಎನಿಸಿತು, ಮಾಲಿಯ ಮೇಲೆ ಮಾತ್ರ ಇನ್ನಷ್ಟು ಸಿಟ್ಟು ಬಂತು. ಖೋಲಿಗೆ ಹೋಗಿ, ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಹೆಂಗೆ ಹೇಳ್ಲಿ ಮೇಷ್ಟ್ರೆ? ದೇವರ ನೀರು ವಿಷ ಅಂತ ಹೇಳ್ಲಾ? ನನ್ನ ಹೆಂಡ್ತಿ ಬಿದ್ದಾಗ ಗಂಜಿ ಕುಡಿಸಿದಾಕಿ ಆ ಅವ್ವ. ಆಕಿ ಹಾಕೋ ನೀರು ಬ್ಯಾಡ ಅನ್ನಾಕೆ ನನಗೆ ಬಾಯಿ ಬರಲ್ಲ," ಎಂದ. ಒಳಗಿನಿಂದ ಅವನ ಹೆಂಡತಿ ಕೆಮ್ಮಿದಳು, ಅವನು ನೀರು ಕೊಡಲು ಎದ್ದು ಹೋದ.

ಈಗ ಒಂದು ನಿರ್ಧಾರ ಮಾಡಲೇಬೇಕಿತ್ತು. ಮಳೆಗಾಲದ ತೇವದಲ್ಲಿ ಕುಂಡ ಒಣಗುವುದಿಲ್ಲ. ಒಣಗುವುದನ್ನು ಕಾಯುತ್ತ ಕೂತರೆ ಕೊಳೆ ಬುಡದಿಂದ ಮೇಲೇರುತ್ತದೆ. ಎಲ್ಲವನ್ನೂ ಮಣ್ಣಿನಿಂದ ತೆಗೆದು, ಕೊಳೆತದ್ದನ್ನು ಕೊಯ್ದು, ದಸರಾ ಹತ್ತಿರವಾಗುವವರೆಗೆ ಬರಿಬೇರಿನಲ್ಲಿ ಗಾಳಿಗೆ ತೂಗುಹಾಕೋಣ ಎಂದೆ. ಮಾಲಿ ಹೌಹಾರಿದ.

"ಮಣ್ಣೂ ಇಲ್ಲ, ನೀರೂ ಇಲ್ಲ. ಸಾವ್ಕಾರ್ರು ಬಂದು ನೋಡಿದ್ರೆ ನನ್ನನ್ನೂ ಪಕ್ಕದಾಗೆ ತೂಗು ಹಾಕ್ತಾರೆ."

ಅವ್ವನವರು ಬಾಗಿಲ ತೋರಣದ ಕಡೆ ಕೈ ಮಾಡಿದರು. ನಮ್ಮ ಕಡೆ ದೃಷ್ಟಿಗೆಂದು ಹೊಸ್ತಿಲ ಮೇಲೆ ಲೋಳೆಸರವನ್ನು ಬೇರು ಮೇಲಾಗಿ ಕಟ್ಟುತ್ತಾರಲ್ಲ, ಅದು ಅಲ್ಲೇ ಇತ್ತು. "ಅದು ಯುಗಾದಿಯಿಂದ ನೇತಾಡ್ತೈತೆ ಕಣೋ. ಸತ್ತೈತಾ? ಮೇಷ್ಟ್ರು ಹೇಳಿದಂಗೆ ಮಾಡು," ಎಂದರು.

ಮಾಡಿದೆವು. ಕುಯ್ಲುಗತ್ತಿಯನ್ನು ಪ್ರತಿ ಸಲ ಬೆಂಕಿಗೆ ಹಿಡಿದು, ಕಂದು ಚುಕ್ಕೆ ಕಾಣದ ತನಕ ಬಿಲ್ಲೆಬಿಲ್ಲೆಯಾಗಿ ಬುಡ ಕೊಯ್ದೆ. ಕೊಯ್ದ ಮೈಯಲ್ಲಿ ಒಂದೇ ಒಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಏರುತ್ತದೆ. ಗಾಯಕ್ಕೆ ಗಂಧಕ, ಆಮೇಲೆ ಹುರಿಯ ಕುಣಿಕೆ. ಅಭಿಷೇಕದ ನೀರಿಗೆಂದು ದೊಡ್ಡ ಬಾನಿಯಲ್ಲಿ ಬಿಲ್ವದ ಸಸಿ ನೆಟ್ಟು ದೇವರಮನೆಯ ಬಾಗಿಲಲ್ಲಿ ಇಟ್ಟೆವು. ಅವ್ವನವರು ಅಂದಿನಿಂದ ಒಂದು ಹನಿಯನ್ನೂ ಈ ಕಡೆ ತರಲಿಲ್ಲ. ಭಾದ್ರಪದದಲ್ಲಿ ತೂಗುತ್ತಿದ್ದ ಬುಡಗಳ ಅಂಚಿನಿಂದ ಗುಲಾಬಿ ಬಣ್ಣದ ಬೇರಿನ ಮೊನೆಗಳು ಹೊರಟವು. ಮಾಲಿ ದಿನಕ್ಕೆ ಹತ್ತು ಸಲ ಬಂದು ನೋಡುತ್ತಿದ್ದ. ಅವನು ನಕ್ಕಿದ್ದನ್ನು ನಾನು ಕಂಡದ್ದು ಆ ದಿನಗಳಲ್ಲಿ ಮಾತ್ರ.

ಒಂದು ಗಿಡ ಮಾತ್ರ ದಕ್ಕಲಿಲ್ಲ. ಚಿನ್ನದ ಬಣ್ಣದ ಮುಳ್ಳಿನ ದೊಡ್ಡ ಗುಂಡುಕಳ್ಳಿ. ಸಾಹುಕಾರರು ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಹೊರಗೆ ಹಸಿರಾಗಿ ಗಟ್ಟಿಯಾಗಿಯೇ ಇತ್ತು, ಬೇರೂ ಪರವಾಗಿಲ್ಲ ಎನ್ನುವಂತಿತ್ತು, ಅದಕ್ಕೆ ಕೊನೆಗೆ ನೋಡೋಣವೆಂದು ಬಿಟ್ಟಿದ್ದೆವು. ಎತ್ತಿದಾಗ ತೂಕವೇ ಇರಲಿಲ್ಲ. ಬುಡಕ್ಕೆ ಹೆಬ್ಬೆರಳು ಒತ್ತಿದೆ, ಒಳಗೆ ಇಳಿದುಹೋಯಿತು. ಕೊಳೆ ನಡುವಿನಿಂದಲೇ ಏರಿ ಸಿಪ್ಪೆಯೊಂದನ್ನು ಬಿಟ್ಟಿತ್ತು.

ಸಾಹುಕಾರರು ಮುಂಬಯಿಯಿಂದ ಬಂದವರೇ ಅದರ ಜಾಗ ಖಾಲಿ ಇದ್ದದ್ದನ್ನು ನೋಡಿದರು. ಬೇರು ಬಿಟ್ಟ ಮೇಲೆ ನಾವು ಮತ್ತೆ ನೆಟ್ಟ ಉಳಿದವು ಹೊಸ ಕುಂಡಗಳಲ್ಲಿ ನಿಂತದ್ದು ಅವರ ಕಣ್ಣಿಗೆ ಬೀಳಲಿಲ್ಲ. "ಯಾರು ಮಾಡಿದ್ದು ಇದು?" ಎಂದು ಹಿತ್ತಲು ಕೇಳುವಂತೆ ಕೂಗಿದರು. ಮಾಲಿ ಕೈಕಟ್ಟಿ ನಿಂತ. ನಾನು ಮಣ್ಣು, ತೇವ, ನೀರು ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವ್ವನವರು ಒಳಗಿನಿಂದ ಬಂದರು.

"ಲೇ ತಮ್ಮಾ, ಅವನದೇನೂ ತಪ್ಪಿಲ್ಲ. ನೀರು ಹಾಕಿದಾಕಿ ನಾನು. ದಿನಾ ಹಾಕೀನಿ."

"ಅವ್ವಾ, ನೀ ಒಳಗೆ ಹೋಗು," ಎಂದರು ಮಗ.

"ನಾನೇ ಹಾಕಿದ್ದು ಅಂತೀನಲ್ಲೋ!"

"ಹೋಗವ್ವಾ."

ಆಕೆ ಹೋಗಲಿಲ್ಲ. ಸಾಹುಕಾರರೇ ನನ್ನ ತೋಳು ಹಿಡಿದು ಮುಂಬಾಗಿಲಿಗೆ ಕರೆದುಕೊಂಡು ಬಂದರು.

"ನೀವು ಬುದ್ಧಿವಂತ್ರು ಮೇಷ್ಟ್ರೆ, ನಿಮಗೆ ತಿಳೀತೈತೆ. ಮನ್ಯಾಗೆ ಒಂದು ಕೆಟ್ಟಿತು ಅಂದ್ರೆ ಯಾರೋ ಒಬ್ರು ಕೆಡಿಸಿರಬೇಕು. ಅವ್ವನ ಪೂಜೆ ನೀರಿಗೆ ಸತ್ತಿತು ಅಂತ ಊರಾಗೆ ಹೇಳಾಕೆ ಬರ್ತೈತಾ? ಮಾಲಿಗೆ ಮೊದ್ಲೇ ಹೇಳಿದ್ದೆ. ಹೇಳಿದ ಮಾತು ನಡೆಸದಿದ್ರೆ ಮಿಲ್ಲಿನಾಗೆ ನನ್ನ ಮಾತು ಯಾರು ಕೇಳ್ತಾರೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಇಷ್ಟು ತಣ್ಣಗೆ, ಹೆಗಲ ಮೇಲೆ ಕೈಯಿಟ್ಟು ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ನಾಲಗೆ ತಡೆಯಲಿಲ್ಲ.

"ಬಿಲ್ವದ ಮರ ಕಡಿಸಿದವರು ನೀವು. ಅದೊಂದು ಇದ್ದಿದ್ದರೆ ಆ ನೀರು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಕೆಡಿಸಿದವರು ಯಾರು ಎಂದು ನೀವೇ ಹೇಳಿ," ಎಂದೆ.

ಅವರು ಹೆಗಲ ಮೇಲಿನ ಕೈ ತೆಗೆದರು. ಬಡವನ ಕೋಪ ದವಡೆಗೆ ಮೂಲ ಎಂದು ನನಗೂ ಗೊತ್ತಿತ್ತು. ಮಾಲಿ ಆ ವಾರವೇ ಹೆಂಡತಿಯನ್ನು ಜಟಕಾದಲ್ಲಿ ಕೂರಿಸಿಕೊಂಡು ಹೋದ. ಅವ್ವನವರು ಒಂದು ದಿನ ಊಟ ಬಿಟ್ಟರಂತೆ. ಮರುದಿನ ಸೊಸೆ ಬಲವಂತ ಮಾಡಿದರಂತೆ, ಉಂಡರಂತೆ.

ಗಿಡಗಳನ್ನು ಹರಿಹರಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೇ ಬಂತು, ಬೇರೆಯವರಿಗೆ ಅದು ಗೊತ್ತಿರಲಿಲ್ಲ. ಹೋಗಬಾರದು ಎಂದುಕೊಂಡೆ. ಆದರೆ ಗಿಡಗಳು ಚೆನ್ನಾಗಿ ಕಂಡರೆ ಸಾಹುಕಾರರ ಮನಸ್ಸು ತಿರುಗೀತು, ಮಾಲಿಯ ಮಾತು ಎತ್ತಬಹುದು ಎಂಬ ಆಸೆಯಿತ್ತು. ಲಾರಿಯಲ್ಲಿ ಭತ್ತದ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಇಟ್ಟು, ನಾನೂ ಹಿಂದೆಯೇ ಕೂತು ಹೋದೆ. ಹೊಳೆಯ ಕಡೆಗಿನ ಜಗಲಿಯಲ್ಲಿ ಅವು ನಿಜಕ್ಕೂ ಚೆನ್ನಾಗಿ ಕಂಡವು. ಒಂದೆರಡು ಹೂವನ್ನೂ ಬಿಟ್ಟಿದ್ದವು. ಪರದೇಶದ ಸಾಹೇಬರು ಬಗ್ಗಿ ನೋಡಿ ಮೆಚ್ಚಿಕೊಂಡರು. ಇವನ್ನೆಲ್ಲ ತಾವೇ ಕೈಯಾರೆ ಸಾಕಿದ್ದು, ಕೆಲಸದವರನ್ನು ನಂಬಿದರೆ ಆಗುವುದಿಲ್ಲ ಎಂದು ಸಾಹುಕಾರರು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ಹೋದ ಮೇಲೆ ನಾನು ಮಾಲಿಯ ವಿಷಯ ತೆಗೆದೆ. "ಹೊಸಬ ಬಂದಾಗೈತೆ," ಎಂದು ಕಾರು ಹತ್ತಿದರು.

ಮಾಲಿ ಉಕ್ಕಡಗಾತ್ರಿಯಲ್ಲಿ ತಂಗಿಯ ಮನೆಯಲ್ಲಿದ್ದಾನೆಂದು ಕೇಳಿದ್ದೆ. ಹರಿಹರದಿಂದಲೇ ಬಸ್ಸು ಹಿಡಿದೆ. ದೇವಸ್ಥಾನದ ದಾರಿಯಲ್ಲಿ ಕಾಯಿ ಕರ್ಪೂರದ ಒಂದು ಸಣ್ಣ ಅಂಗಡಿ, ತಂಗಿಯ ಗಂಡನದು. ಮಾಲಿ ಮೂಲೆಯಲ್ಲಿ ಕೂತು ತೆಂಗಿನಕಾಯಿಯ ಜುಟ್ಟು ಸವರುತ್ತಿದ್ದ. ಹೆಂಡತಿ ಹಿಂದೆ ಗೋಡೆಗೊರಗಿ ಮಲಗಿದ್ದಳು. ನನ್ನನ್ನು ಕಂಡು ಎದ್ದು, "ಕೂಡ್ರಿ ಮೇಷ್ಟ್ರೆ," ಎಂದು ಗೋಣಿ ಕೊಡವಿ ಹಾಸಿದ.

ಆಮೇಲೆ ಅವನೇ ಕೇಳಿದ.

"ಗಿಡ ಹೆಂಗದಾವೆ?"

"ಬದುಕಿಕೊಂಡವು. ಹೂ ಬಿಟ್ಟಿವೆ."

"ಎಲ್ಲಾವೂನಾ?"

"ಆ ಗುಂಡು ಒಂದು ಬಿಟ್ಟರೆ ಎಲ್ಲವೂ."

ಅವನ ಮುಖ ಅರಳಿತು. ಹಿಂದಕ್ಕೆ ತಿರುಗಿ ಹೆಂಡತಿಗೆ, "ಕೇಳ್ದೇನೇ? ಬದುಕಿದ್ವಂತೆ," ಎಂದು ಕೂಗಿ ಹೇಳಿದ. ಕತ್ತಿ ಎತ್ತಿಕೊಂಡು ಇನ್ನೊಂದು ಕಾಯಿ ಸವರತೊಡಗಿದ. ಅರ್ಧಕ್ಕೆ ಕೈ ನಿಂತಿತು.

"ಹಂಗಾರೆ ನನ್ನ ಯಾಕ ತೆಗೆದ್ರು ಮೇಷ್ಟ್ರೆ?" ಎಂದ.

ಅವನು ಕೇಳಿದ್ದು ದೂರಿನಂತೆ ಅಲ್ಲ. ಎಲೆ ಯಾಕೆ ಹಳದಿಯಾಯಿತು ಎಂದು ಕೇಳುವ ಹಾಗೆ. ನಾನು ಹೇಳುತ್ತೇನೆಂದು ಮುಖ ನೋಡುತ್ತ ಕಾದ. ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಅವನು ಒಂದು ತೆಂಗಿನಕಾಯಿ ಕೈಗಿಟ್ಟ, ದುಡ್ಡು ಬೇಡವೆಂದ. ಆ ಬಂಗಲೆಯ ಕಡೆ ನಾನು ಮತ್ತೆ ಹೋಗಲಿಲ್ಲ. ಮುಂದಿನ ಜೂನ್‌ನಲ್ಲಿ ಕಾಲೇಜಿನವರು ನನ್ನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡರು. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ.